ಅಕ್ಕಿ ಮೂಟೆ ಹಾಕಿ ಎಳೆದು ನೋಡಿ

ಎಂಎಸ್ ಓದಲು ಜರ್ಮನಿಗೆ ಹೊರಟಿದ್ದೀರಿ, ಮೊದಲ ವಿಮಾನ ಪ್ರಯಾಣ, ಕೈಯಲ್ಲಿ 15,000 ರೂಪಾಯಿ ಇದೆ, ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಸೂಟ್‌ಕೇಸ್ ತಗೊಳ್ಳಲೋ ಬಟ್ಟೆಯದೋ, ಹತ್ತು ವರ್ಷ ಬಾಳಿಕೆ ಬರಬೇಕು, ಬೀಗ ಎಂಥದು ಹಾಕಬೇಕು. ಇಷ್ಟೇ ಅಲ್ವಾ ಪ್ರಶ್ನೆ? ಓದುತ್ತಿದ್ದ ಹಾಗೇ ನನ್ನ ಬಲಗೈ ನೋಡಿಕೊಂಡೆ. ಬೊಬ್ಬೆ ಎದ್ದಿದ್ದ ಜಾಗ ಅದು.

2016ರ ಸೆಪ್ಟೆಂಬರ್. ನಾನು ಹೊರಟಿದ್ದು ಆಖನ್‌ಗೆ. ಜರ್ಮನಿಯ ಪಶ್ಚಿಮದ ತುದಿಯ ಊರು, ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಎರಡೂ ಅಲ್ಲಿಗೆ ಹಿತ್ತಿಲಷ್ಟು ಹತ್ತಿರ. ಹೊರಡುವ ವಾರ ಶಿವಮೊಗ್ಗದ ಗಾಂಧಿ ಬಜಾರಿಗೆ ಅಪ್ಪನ ಜೊತೆ ಪೆಟ್ಟಿಗೆ ತರಲು ಹೋದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ದೊಡ್ಡ ಪೆಟ್ಟಿಗೆ ಅಂತ ಇದ್ದಿದ್ದು ಅಪ್ಪನ ಮದುವೆ ಕಾಲದ ವಿಐಪಿ ಒಂದೇ. ಚಕ್ರ ಇಲ್ಲ, ಜಿಪ್ ಇಲ್ಲ, ಎಳೆಯುವ ಹ್ಯಾಂಡಲ್ ಇಲ್ಲ. ಎರಡು ಚಿಲಕ, ಒಂದು ಹಿಡಿಕೆ. ಈಗಲೂ ಮಂಚದ ಕೆಳಗಿದೆ, ತೋಟದ ಪತ್ರಗಳೆಲ್ಲ ಅದರಲ್ಲೇ. ಅದು ಇಷ್ಟು ವರ್ಷ ಯಾಕೆ ಬಾಳಿತು ಅಂತ ಅವತ್ತೇ ಒಂದು ನಿಮಿಷ ಯೋಚಿಸಿದ್ದರೆ ಈ ಉತ್ತರ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಕಿತ್ತು ಹೋಗುವಂಥ ಭಾಗವೇ ಅದರಲ್ಲಿಲ್ಲ.

ಅಂಗಡಿಯವನು ಮೇಲಿನಿಂದ ಒಂದು ಕಡುನೀಲಿ ಪೆಟ್ಟಿಗೆ ಇಳಿಸಿದ. 28 ಇಂಚು, ನಾಲ್ಕು ಚಕ್ರ, ಮುಖ ಕಾಣುವಷ್ಟು ಫಳಫಳ. ಒಂದೇ ಬೆರಳಲ್ಲಿ ತಳ್ಳಿದ. ಟೈಲ್ಸ್ ಮೇಲೆ ಜಾರಿಕೊಂಡು ಹೋಗಿ ಅಪ್ಪನ ಕಾಲ ಹತ್ತಿರ ನಿಂತಿತು. ಆಮೇಲೆ ಅದನ್ನು ಮಲಗಿಸಿ, ಚಪ್ಪಲಿ ಬಿಟ್ಟು, ಮೇಲೆ ಹತ್ತಿ ನಿಂತ. “ನೋಡಿ ಯಜಮಾನ್ರೇ, ಎಂಬತ್ತು ಕೆಜಿ ಇದೀನಿ. ಏನಾದ್ರೂ ಆಯ್ತಾ?”

ಏನೂ ಆಗಲಿಲ್ಲ. ಅಪ್ಪ 4,200 ಎಣಿಸಿ ಕೊಟ್ಟರು.

ನಾನು ಕೆಟ್ಟಿದ್ದು ಇಲ್ಲೇ. ಇದನ್ನು ಸ್ವಲ್ಪ ಎಳೆದು ಹೇಳ್ತೀನಿ, ಸಹಿಸಿಕೊಳ್ಳಿ. ನಾನು ನೋಡಿ ಮೆಚ್ಚಿದ್ದು ಖಾಲಿ ಪೆಟ್ಟಿಗೆಯನ್ನ. ನಾಲ್ಕೂವರೆ ಕೆಜಿ ತೂಕದ್ದು. ಆದರೆ ಪ್ರಯಾಣದಲ್ಲಿ ನನ್ನ ಜೊತೆ ಬಂದಿದ್ದು 29 ಕೆಜಿ ಪೆಟ್ಟಿಗೆ. ಅವೆರಡೂ ಒಂದೇ ವಸ್ತು ಅಲ್ಲವೇ ಅಲ್ಲ. ಖಾಲಿ ಇದ್ದಾಗ ಯಾವ ಚಕ್ರವಾದರೂ ಬೆಣ್ಣೆಯ ಹಾಗೆ ತಿರುಗುತ್ತದೆ. ಖಾಲಿ ಇದ್ದಾಗ ಯಾವ ಹ್ಯಾಂಡಲ್ ಕೂಡ ಅಲ್ಲಾಡುವುದಿಲ್ಲ. ಖಾಲಿ ಪೆಟ್ಟಿಗೆಯ ಜಿಪ್ ಒಂದೇ ಏಟಿಗೆ ಸರ್ ಅಂತ ಸುತ್ತ ಬರುತ್ತದೆ. ಅಂಗಡಿಯಲ್ಲಿ ನಾವು ಮಾಡುವ ಅಷ್ಟೂ ಪರೀಕ್ಷೆಯಲ್ಲಿ ಪೆಟ್ಟಿಗೆ ಪಾಸಾಗಲೇಬೇಕು, ಯಾಕೆಂದರೆ ನಾವು ಅದಕ್ಕೆ ಪ್ರಶ್ನೆಯನ್ನೇ ಕೇಳಿಲ್ಲ.

ಇನ್ನು ಆ ಹತ್ತಿ ನಿಲ್ಲುವ ಆಟ. ಮಲಗಿಸಿದ ಪೆಟ್ಟಿಗೆಯ ಮೇಲೆ ನಿಂತರೆ ಭಾರ ಅಷ್ಟಗಲಕ್ಕೂ ಹಂಚಿ ಹೋಗುತ್ತದೆ. ವಿಮಾನಕ್ಕೆ ಹಾಕುವಾಗ ಪೆಟ್ಟಿಗೆಯ ಮೇಲೆ ಯಾರೂ ನಿಲ್ಲುವುದಿಲ್ಲ. ಪೆಟ್ಟಿಗೆಯೇ ಬೀಳುತ್ತದೆ. ಬೆಲ್ಟಿನಿಂದ ಗಾಡಿಗೆ, ಗಾಡಿಯಿಂದ ವಿಮಾನದ ಹೊಟ್ಟೆಗೆ, ಇಳಿಯುವಾಗ ಮತ್ತೆ ಅದೇ ದಾರಿ ಉಲ್ಟಾ. ನಡುವೆ ವಿಮಾನ ಬದಲಿಸಿದರೆ ಇದೆಲ್ಲ ಎರಡೆರಡು ಸಲ. ಬೀಳುವಾಗ ನೆಲಕ್ಕೆ ಮೊದಲು ತಾಗುವುದು ಮೂಲೆ. ನಾಲ್ಕು ಚಕ್ರದ ಪೆಟ್ಟಿಗೆಯಲ್ಲಿ ಕೆಳಗಿನ ಮೂಲೆ ಅಂದರೆ ಚಕ್ರವೇ, ಅದು ಹೊರಗೆ ಚಾಚಿಕೊಂಡೇ ಇರುತ್ತದೆ. 29 ಕೆಜಿಯ ಪೂರ್ತಿ ಪೆಟ್ಟು ಒಂದು ಲಿಂಬೆಹಣ್ಣಿನಷ್ಟು ಜಾಗದ ಮೇಲೆ. ನನ್ನದು ಎಬಿಎಸ್ ಪ್ಲಾಸ್ಟಿಕ್. ಗಟ್ಟಿ ಇರುತ್ತದೆ, ಬಾಗುವುದಿಲ್ಲ, ಬಾಗದ್ದರಿಂದ ಸೀಳುತ್ತದೆ. ಎಂಬತ್ತು ಕೆಜಿ ಮನುಷ್ಯನನ್ನು ಹೊತ್ತ ಪೆಟ್ಟಿಗೆ ಒಂದೇ ಒಂದು ಸಲ ಬಿದ್ದಿದ್ದಕ್ಕೆ ಶರಣಾಗಿದ್ದು ಹೀಗೆ.

29 ಕೆಜಿ ಹೇಗಾಯಿತು ಅಂತ ಕೇಳ್ತೀರಾ? ಟಿಕೆಟ್ಟಿನಲ್ಲಿ 30 ಕೆಜಿ ಅಂತ ಬರೆದಿತ್ತು. ಅಷ್ಟನ್ನೂ ಒಂದರಲ್ಲೇ ತುಂಬಬೇಕು ಅಂತ ಎಲ್ಲೂ ಬರೆದಿರಲಿಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಹಾಗೇ ಅನಿಸಿತು. ಅಮ್ಮ ಹುಳಿಪುಡಿ, ಸಾರಿನಪುಡಿ, ಮೂರು ಬಗೆ ಚಟ್ನಿಪುಡಿ, ಹಲಸಿನ ಹಪ್ಪಳ, ಮೂರು ಲೀಟರಿನ ಕುಕ್ಕರು, ಅದರೊಳಗೆ ಟವಲ್ ಸುತ್ತಿದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ, ಎಲ್ಲ ಇಟ್ಟಳು. ತುಪ್ಪದ ಡಬ್ಬಿಯೂ ಇತ್ತು, ಚಿಕ್ಕಪ್ಪ ತೆಗೆಸಿದರು. (ನೀವೂ ಇಡಬೇಡಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಯೂರೋಪಿಯನ್ ಒಕ್ಕೂಟದ ದೇಶಗಳಿಗೆ ಒಯ್ಯುವಂತಿಲ್ಲ.) ಮುಚ್ಚುವಾಗ ಅಣ್ಣ ಮೇಲೆ ಕೂತ, ನಾನು ಜಿಪ್ ಎಳೆದೆ. ಅದೇ ಮೊದಲ ಸಲ ಆ ಪೆಟ್ಟಿಗೆಗೆ ಕಷ್ಟ ಏನು ಅಂತ ಗೊತ್ತಾಗಿದ್ದು.

ಕೊಲ್ಲಿ ದೇಶವೊಂದರಲ್ಲಿ ವಿಮಾನ ಬದಲಿಸಿ ಭಾನುವಾರ ಮಧ್ಯಾಹ್ನ ಫ್ರಾಂಕ್‌ಫರ್ಟ್ ತಲುಪಿದೆ. ಬೆಲ್ಟಿನ ಮೇಲೆ ಕಡುನೀಲಿ ಪೆಟ್ಟಿಗೆ ಬಂತು. ದೂರದಿಂದ ಚೆನ್ನಾಗೇ ಕಂಡಿತು. ಹತ್ತಿರ ಬಂದಾಗ ನೋಡಿದರೆ ಒಂದು ಚಕ್ರ ಇದ್ದ ಜಾಗದಲ್ಲಿ ಮುಷ್ಟಿಯಷ್ಟು ತೂತು. ತೂತಿನ ಅಂಚು ಒಡೆದ ಮಡಕೆಯ ಹಾಗೆ ಚೂಪುಚೂಪು. ಒಳಗಿನ ಬಟ್ಟೆ ಹರಿದು, ಅಮ್ಮ ಇಟ್ಟಿದ್ದ ಕೆಂಪು ಟವಲಿನ ಮೂಲೆ ಹೊರಗೆ ಇಣುಕುತ್ತಿತ್ತು. ಎಲ್ಲಿ ಬಿತ್ತು, ಯಾರ ಕೈಯಿಂದ ಬಿತ್ತು, ದೇವರಿಗೇ ಗೊತ್ತು.

ಅಲ್ಲೇ ಬ್ಯಾಗೇಜ್ ಕೌಂಟರ್ ಇತ್ತು. ನಾನು ಹೋಗಲಿಲ್ಲ. ರೈಲಿಗೆ ಹೊತ್ತಾಗುತ್ತಿತ್ತು, ಇಂಗ್ಲಿಷಿನಲ್ಲಿ ವಾದ ಮಾಡಲು ಸಂಕೋಚ ಬೇರೆ. ಒಂಬತ್ತು ದಿನದ ಮೇಲೆ ವಿಮಾನ ಕಂಪನಿಗೆ ಇಮೇಲ್ ಬರೆದೆ. ಹಾಳಾದ ಲಗೇಜಿನ ದೂರು ಕೈಗೆ ಸಿಕ್ಕ 7 ದಿನದೊಳಗೆ ಬರಹದಲ್ಲಿ ಕೊಡಬೇಕು, ಅಂತರರಾಷ್ಟ್ರೀಯ ವಿಮಾನಯಾನದ ಮಾಂಟ್ರಿಯಲ್ ಒಪ್ಪಂದದ ನಿಯಮ ಅದು, ಅವಧಿ ಮುಗಿದಿದೆ ಅಂತ ಎರಡು ಸಾಲಿನ ಉತ್ತರ ಬಂತು. ನೀವು ಮಾತ್ರ ಏನಾದರೂ ಆದರೆ ಹೊರಗೆ ಬರುವ ಮೊದಲೇ ಫೋಟೋ ತೆಗೆದು, ಕೌಂಟರಿನಲ್ಲಿ ಪಿಐಆರ್ ಅನ್ನುವ ವರದಿ ಬರೆಸಿಕೊಂಡೇ ಬನ್ನಿ. ಸಂಕೋಚ ಪಡಬೇಡಿ.

ಕಲೋನ್‌ನಲ್ಲಿ ರೈಲು ಬದಲಿಸಬೇಕಿತ್ತು. ನಾಲ್ಕು ಚಕ್ರದ ಪೆಟ್ಟಿಗೆಗೆ ಮೂರೇ ಚಕ್ರ ಉಳಿದರೆ ಏನಾಗುತ್ತದೆ ಗೊತ್ತಾ? ನಿಲ್ಲಿಸಿದರೆ ಬೀಳುತ್ತದೆ. ತಳ್ಳಿದರೆ ಹಟ ಮಾಡುವ ಕರುವಿನ ಹಾಗೆ ಒಂದೇ ಕಡೆ ತಿರುಗುತ್ತದೆ. ಹಾಗಾಗಿ ಓರೆ ಮಾಡಿ ಎರಡೇ ಚಕ್ರದ ಮೇಲೆ ಎಳೆದೆ. ಆ ಚಕ್ರಗಳು ಹಾಗೆ ಎಳೆಯಲು ಮಾಡಿದ್ದಲ್ಲ. ರೈಲು ತಡವಾಗಿ ಆಖನ್ ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಬೇಕಿದ್ದ ಸೀನಿಯರ್ ಕಾದು ಕಾದು ಹೋಗಿಬಿಟ್ಟಿದ್ದರು. ಫೋನಿಗೆ ಸಿಮ್ ಇಲ್ಲ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಒಂದು ಗೇಣು ಹಗ್ಗ ಬೇಕೆಂದರೂ ಸಿಗುವುದಿಲ್ಲ.

ರೂಮು ಇದ್ದಿದ್ದು ಪಾಂಟ್‌ಸ್ಟ್ರಾಸೆ ಬೀದಿಯ ಹತ್ತಿರ. ಹೆಚ್ಚೆಂದರೆ ಎರಡು ಕಿಲೋಮೀಟರ್. ನಡೆದೇ ಹೋಗೋಣ ಅಂದುಕೊಂಡೆ. ಆ ಊರಿನ ಹಳೇ ಪೇಟೆಯ ನೆಲ ನೋಡಿದ್ದೀರಾ? ಕ್ಯಾಥೆಡ್ರಲ್ ಮತ್ತು ಮಾರುಕಟ್ಟೆ ಚೌಕದ ಸುತ್ತ ಕಲ್ಲು ಹಾಸಿದ ದಾರಿ. ನೋಡಲು ಬಹಳ ಚೆಂದ. ಮೈಸೂರು ಪಾಕ್ ತುಂಡು ಜೋಡಿಸಿಟ್ಟ ಹಾಗೆ ಕಲ್ಲು, ನಡುವೆ ಸಂದು. ಪೆಟ್ಟಿಗೆ ಗಡಗಡಗಡ ಅಂತ ಇಡೀ ಬೀದಿಗೆ ಕೇಳುವಂತೆ ಸದ್ದು ಮಾಡಿತು. ಕಾಫಿ ಕುಡಿಯುತ್ತ ಕೂತವರೆಲ್ಲ ತಿರುಗಿ ನೋಡಿದರು. ನೂರು ಹೆಜ್ಜೆ ಆಗುವಷ್ಟರಲ್ಲಿ ಎರಡನೇ ಚಕ್ರದ ರಬ್ಬರು ಹಾರಿತು. ಚೌಕಕ್ಕೆ ಏರು ಬೇರೆ. ಹ್ಯಾಂಡಲಿನ ಒಂದು ಕಡ್ಡಿ ಬಾಗಿ, ಒಳಗೂ ಹೋಗದೆ ಹೊರಗೂ ಬರದೆ ನಿಂತುಬಿಟ್ಟಿತು. ಕೊನೆಗೆ ಎದೆಗೆ ಅಪ್ಪಿಕೊಂಡು ಹೊತ್ತೆ. ಹತ್ತು ಹೆಜ್ಜೆ, ಇಳಿಸು. ಹತ್ತು ಹೆಜ್ಜೆ, ಇಳಿಸು. ಕುಕ್ಕರಿನ ಹಿಡಿ ಪಕ್ಕೆಲುಬಿಗೆ ಒತ್ತುತ್ತಿತ್ತು. ರೂಮು ಸೇರಿದಾಗ ಕತ್ತಲಾಗಿತ್ತು. ಅಪ್ಪೆಮಿಡಿ ಬಾಟಲಿಗೆ ಮಾತ್ರ ಏನೂ ಆಗಿರಲಿಲ್ಲ. ಅಮ್ಮನ ಪ್ಯಾಕಿಂಗ್ ಅದು.

ರಿಪೇರಿ ಮಾಡಿಸೋಣ ಅಂತ ಕೇಳಿ ನೋಡಿದೆ. ಅಲ್ಲಿ ಚಕ್ರ ಹಾಕಿಸುವ ಕೂಲಿ ಪೆಟ್ಟಿಗೆಯ ಬೆಲೆಗಿಂತ ಜಾಸ್ತಿ. ಹಾಕಿದರೂ ಕೂರಿಸುವುದೆಲ್ಲಿ? ಚಕ್ರ ಕೂರಿಸಲು ಗೋಡೆಯೇ ಉಳಿದಿರಲಿಲ್ಲ.

ಅದಕ್ಕೇ ಹೇಳೋದು, ಪಾಲಿಕಾರ್ಬೊನೇಟಾ ಬಟ್ಟೆಯಾ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಹೌದು, ಎಬಿಎಸ್‌ಗಿಂತ ಪಾಲಿಕಾರ್ಬೊನೇಟ್ ಎಷ್ಟೋ ವಾಸಿ, ಪೆಟ್ಟು ಬಿದ್ದರೆ ತಗ್ಗಿ ಮತ್ತೆ ಉಬ್ಬಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಕೂಡ ಸುಲಭಕ್ಕೆ ಸೀಳುವುದಿಲ್ಲ. ಆದರೆ ಪೆಟ್ಟಿಗೆ ಸಾಯುವುದು ಮೈಯಿಂದ ಅಲ್ಲ, ಕೈಕಾಲಿನಿಂದ. ಚಕ್ರ, ಹ್ಯಾಂಡಲ್, ಜಿಪ್. ಹತ್ತು ವರ್ಷ ಬಾಳುವ ಚಕ್ರ ಹುಡುಕುವುದು ಸುಮ್ನೆ ದಂಡ. ಚಕ್ರ ಹೋದರೆ ಬೇರೆ ಹಾಕಲು ಬರುತ್ತದಾ ಅಂತ ನೋಡಿ. ಒಳಗಿನ ಲೈನಿಂಗ್ ಬಟ್ಟೆಗೆ ಒಂದು ಜಿಪ್ ಇರುತ್ತದೆ, ಅದನ್ನು ತೆಗೆದು ಕೈ ಹಾಕಿ. ಚಕ್ರ ಸ್ಕ್ರೂ ಹಾಕಿ ಕೂರಿಸಿದ್ದರೆ ಸರಿ. ಸುಲಭಕ್ಕೆ ಬಿಚ್ಚಲು ಬಾರದ ರಿವೆಟ್ ಹೊಡೆದಿದ್ದರೆ ಬಿಟ್ಟು ಮುಂದಕ್ಕೆ ಹೋಗಿ.

2018ರಲ್ಲಿ ಊರಿಗೆ ಬಂದಾಗ ಮತ್ತೆ ಪೆಟ್ಟಿಗೆ ತಗೊಳ್ಳಲು ಹೋದೆ. ಅದೇ ಬಜಾರು, ಬೇರೆ ಅಂಗಡಿ. ಪಕ್ಕದ ದಿನಸಿ ಅಂಗಡಿಯಿಂದ 25 ಕೆಜಿ ಸೋನಾ ಮಸೂರಿ ಮೂಟೆ ತಂದೆ. ಹೇಗೂ ಮನೆಗೆ ಅಕ್ಕಿ ಬೇಕಿತ್ತು. “ಇದನ್ನ ಒಳಗಿಟ್ಟು ಎಳೆದು ನೋಡ್ತೀನಿ ಅಣ್ಣ” ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಏನ್ರೀ, ಪೆಟ್ಟಿಗೆ ತಗೊಳ್ಳೋಕೆ ಬಂದ್ರೋ ಅಕ್ಕಿ ಮಾರೋಕೆ ಬಂದ್ರೋ?” ಮೊದಲನೆಯದು ಅಂಗಡಿ ಮೆಟ್ಟಿಲು ಇಳಿಯುವಾಗಲೇ ಕಿರ್ರೆಂದಿತು. ಎರಡನೆಯದರ ಹ್ಯಾಂಡಲ್ ಬಿಲ್ಲಿನ ಹಾಗೆ ಬಾಗಿತು. ಮೂರನೆಯದನ್ನು ಚರಂಡಿ ಚಪ್ಪಡಿಯ ಮೇಲೆ ಹತ್ತಿಸಿ ಇಳಿಸಿದೆ, ಜಲ್ಲಿ ಎದ್ದ ಕಡೆ ಎಳೆದೆ. ಮಾತಾಡದೆ ಬಂತು. ಬಟ್ಟೆಯದು, 24 ಇಂಚು, ಎರಡೇ ಚಕ್ರ, ಅವೂ ಅರ್ಧ ಮೈಯೊಳಗೆ ಹುದುಗಿದ್ದು. ಕಂದು ಬಣ್ಣ, ನೋಡಲು ಸುಮಾರು. ಅಷ್ಟು ಹೊತ್ತಿಗೆ ಆ ಅಣ್ಣನಿಗೂ ಆಟ ಹಿಡಿಸಿತ್ತು, ಇನ್ನೊಂದು ನೋಡ್ತೀರಾ ಅಂತ ಅವರೇ ಕೇಳಿದರು. 3,600ಕ್ಕೆ ಕೊಟ್ಟರು.

ಅದೇ ಇವತ್ತಿಗೂ ನನ್ನ ಪೆಟ್ಟಿಗೆ. ಒಮ್ಮೆ ಚಕ್ರ ಸವೆಯಿತು. ಊರಲ್ಲಿ ಮಳೆಗಾಲದಲ್ಲಿ ಛತ್ರಿ ರಿಪೇರಿ, ಉಳಿದ ದಿನ ಬ್ಯಾಗ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಗೋಣಿತಾಟಿನ ಮೇಲೆ ಕೂತು ಸ್ಕ್ರೂ ಬಿಚ್ಚಿ, ಎರಡೂ ಚಕ್ರ ಬದಲಿಸಿ 250 ರೂಪಾಯಿ ತಗೊಂಡರು. ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಬೀಗದ ಬಗ್ಗೆಯೂ ಕೇಳಿದ್ದೀರಿ. ಜಿಪ್ಪಿನ ಪೆಟ್ಟಿಗೆಗೆ ಎಂಥ ಬೀಗ ಹಾಕಿದರೂ ಅಷ್ಟೇ. ಮಾಮೂಲಿ ಜಿಪ್ಪಿಗೆ ಬಾಲ್ ಪೆನ್ನಿನ ಮೊನೆ ಚುಚ್ಚಿದರೆ ಬಾಯಿ ಬಿಡುತ್ತದೆ, ರನ್ನರ್ ಒಮ್ಮೆ ಆಚೀಚೆ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗ ಅದರ ಪಾಡಿಗೆ ಇರುತ್ತದೆ. ಒಡವೆ, ಸರ್ಟಿಫಿಕೇಟ್, ಲ್ಯಾಪ್‌ಟಾಪ್ ಕೈಚೀಲದಲ್ಲಿ ಇರಲಿ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ.

ಗಾತ್ರದ ಬಗ್ಗೆ ನನ್ನದು ಹಟವೇ ಅನ್ನಿ: 28 ಇಂಚಿನದು ಬೇಡವೇ ಬೇಡ. ದೊಡ್ಡ ಪೆಟ್ಟಿಗೆ ಇದ್ದರೆ ಅಮ್ಮಂದಿರು ತುಂಬಿಯೇ ತುಂಬುತ್ತಾರೆ. 30 ಕೆಜಿಗೆ ಟಿಕೆಟ್ ಇದ್ದರೆ 15-15ರ ಎರಡು ಮಾಡಿ. ಎಷ್ಟು ಪೆಟ್ಟಿಗೆ ಒಯ್ಯಬಹುದು ಅಂತ ಮಾತ್ರ ಟಿಕೆಟ್ಟಿನಲ್ಲಿ ನೋಡಿಕೊಳ್ಳಿ, ಕೆಲವು ವಿಮಾನ ಕಂಪನಿಯವರು ಒಂದಕ್ಕೇ 23 ಕೆಜಿ ಅಂತ ಕಟ್ಟುನಿಟ್ಟು ಮಾಡುತ್ತಾರೆ. ಆಗ ಆ ಒಂದನ್ನೇ 23ಕ್ಕೆ ನಿಲ್ಲಿಸಿ. ಮನೆಯಲ್ಲೇ ತೂಗುವ ಕೈತಕ್ಕಡಿ ಒಂದು ತಗೊಳ್ಳಿ.

15,000 ಅಂದಿದ್ದೀರಿ. ಅದರ ಅರ್ಧದಲ್ಲಿ ಎರಡು ಬಟ್ಟೆ ಪೆಟ್ಟಿಗೆ ಹುಡುಕಿ. ಉಳಿದದ್ದನ್ನು ಯೂರೋ ಮಾಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಇಳಿದ ದಿನ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಗಳು ಸಾಲಾಗಿ ನಿಂತಿರುತ್ತವೆ. ಹತ್ತಿ ಕೂತುಬಿಡಿ. ನಾನು ದುಡ್ಡು ಉಳಿಸಲು ಹೋಗಿ ನಡೆದೆ.