ಮೂರು ಪೆಡಲ್, ನಾಲ್ಕು ಲಿವರ್. ಬೆಲೆಯ ಮಾತು ಆಮೇಲೆ

ಪೆಡಲ್ ಸ್ಟೀಲ್ ಗಿಟಾರ್ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಈ ವಾದ್ಯವನ್ನು ನೋಡಿರದವರಿಗೆ ಎರಡು ಮಾತು: ನಾಲ್ಕು ಕಾಲಿನ ಮೇಲೆ ಮೇಜಿನ ಹಾಗೆ ನಿಲ್ಲುವ ಹತ್ತು ತಂತಿಯ ಗಿಟಾರ್ ಇದು. ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈಗೆ ಪಿಕ್. ಎಡಗಾಲು ಪೆಡಲ್ ಒತ್ತುತ್ತದೆ, ಎರಡೂ ಮಂಡಿಗಳು ಲಿವರ್ ತಳ್ಳುತ್ತವೆ (ತಂತಿಗಳ ಶ್ರುತಿಯನ್ನು ಏರಿಸಿ ಇಳಿಸುವುದು ಇವೇ), ಬಲಗಾಲು ವಾಲ್ಯೂಮ್ ಪೆಡಲ್ ಮೇಲಿರುತ್ತದೆ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಕೈಯಲ್ಲಿ 40,000 ರೂಪಾಯಿ ಇದೆ, ತಿಂಗಳಿಗೆ 6,000 ಉಳಿಸಬಲ್ಲೆ. ಧೋಬಿ ತಲಾವ್ ಕಡೆಯ ಅಂಗಡಿಗಳಲ್ಲಿ ಕೇಳಿದರೆ ಪೆಡಲ್ ಸ್ಟೀಲ್ ಇಡುವುದಿಲ್ಲ ಎಂದರು. ಅಮೆರಿಕದಲ್ಲಿ 1,500 ಡಾಲರಿಗೆ ಒಂದು ಇದೆ. ಎಷ್ಟು ಕಾಲ ಕೂಡಿಡಬೇಕು? ಸಾಲ ಮಾಡಿ ಈಗಲೇ ತರಿಸಿದರೆ ತಪ್ಪೇ?
— ಓದುಗರು, ಡೊಂಬಿವಲಿ

ಉತ್ತರ: ನೀವು ಕೂಡಿಡಬೇಕಾದ್ದು 1,500 ಡಾಲರ್ ಅಲ್ಲ, ವಾದ್ಯ ಡೊಂಬಿವಲಿಯ ನಿಮ್ಮ ಮನೆಯಲ್ಲಿ ಸದ್ದು ಮಾಡುವ ಹೊತ್ತಿಗೆ ಆಗುವ ಖರ್ಚು. ಡಾಲರಿಗೆ 90 ರೂಪಾಯಿ ಹಿಡಿದು ಲೆಕ್ಕ ಹಾಕೋಣ. ಪೆಟ್ಟಿಗೆ ಸಮೇತ ಇದು ಸುಮಾರು 20ರಿಂದ 25 ಕಿಲೋ ತೂಗುವ ಸರಕು, ಹಾಗಾಗಿ ಸಾಗಣೆಗೆ 400 ಡಾಲರ್ ಎತ್ತಿಡಿ. ಗಿಟಾರ್ ಮತ್ತು ಸಾಗಣೆ ಸೇರಿ 1,71,000. ವಿಮೆಗೆ 2,000. ಸುಂಕ ಬೀಳುವುದು ಈ ಮೂರರ ಮೊತ್ತದ ಮೇಲೆ, ಗಿಟಾರಿನ ಬೆಲೆಯ ಮೇಲೆ ಮಾತ್ರವಲ್ಲ. ಹಲವರ ಲೆಕ್ಕ ತಪ್ಪುವುದು ಇಲ್ಲೇ. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಕೊರಿಯರ್‌ನಲ್ಲಿ ಬಂದರೆ ಒಂದು, ಸರಕಾಗಿ ಬಂದರೆ ಇನ್ನೊಂದು. ದುಡ್ಡು ಕಳಿಸುವ ವಾರ ಕಸ್ಟಮ್ಸ್ ಏಜೆಂಟರನ್ನು ಕೇಳಿ ಖಚಿತ ಮಾಡಿಕೊಳ್ಳಿ, ಉಳಿತಾಯದ ಗುರಿಗೆ ಮಾತ್ರ ಶೇ. 40 ಹಿಡಿಯಿರಿ. ಅಲ್ಲಿಗೆ 69,200. ಬ್ಯಾಂಕಿನ ವಿನಿಮಯ ಶುಲ್ಕ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕಕ್ಕೆ 8,000. ಬಾರ್, ಪಿಕ್, ವಾಲ್ಯೂಮ್ ಪೆಡಲ್, ತಂತಿ, ಕೈಯಿಲ್ಲದ ಸ್ಟೂಲು ಎಲ್ಲ ಸೇರಿ 25,000. ಒಟ್ಟು 2,75,000ದ ಸುತ್ತ. ಇರುವ 40,000 ಕಳೆದರೆ ತಿಂಗಳಿಗೆ 6,000ದಂತೆ 39 ತಿಂಗಳು.

ಅಷ್ಟರಲ್ಲಿ ಡಾಲರ್ 90ರಿಂದ 100ಕ್ಕೆ ಹೋದರೆ? 1,900 ಡಾಲರಿಗೆ 19,000 ಹೆಚ್ಚಾಯಿತು, ಅದರ ಮೇಲಿನ ಸುಂಕವೂ ಸೇರಿ 26,600. ನಾಲ್ಕು ತಿಂಗಳಿಗೂ ಮೀರಿದ ನಿಮ್ಮ ಉಳಿತಾಯ ಅದು. ಹೆಚ್ಚುಕಡಿಮೆ ಇಷ್ಟೇ ಮೊತ್ತ ಬ್ಯಾಂಕಿನ ಆರ್‌ಡಿ ಬಡ್ಡಿಯಿಂದ ಬರುತ್ತದೆ. ಹಾಗಾಗಿ ಬಡ್ಡಿಯನ್ನು ಲಾಭವೆಂದು ಎಣಿಸಬೇಡಿ, ಡಾಲರಿನ ಏರಿಕೆಗೆ ಅದು ಸಮ.

ದುಡ್ಡು ಎಲ್ಲಿಡಬೇಕು ಎಂದರೆ, ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ ಮಾಡಿ, ಮುಗಿದದ್ದನ್ನು ಎಫ್‌ಡಿಗೆ ಹಾಕಿ ಹೊಸ ಆರ್‌ಡಿ ತೆರೆಯಿರಿ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಮೂರು ವರ್ಷ ಕಳೆದ ಮೇಲೆ ಮುರಿದರೆ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ನಿಮ್ಮ ಅವಧಿಗೆ ಅದು ಹೊಂದುವುದಿಲ್ಲ. ಕಚೇರಿಯವರ ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ಶಿಸ್ತು ಇರುತ್ತದೆ ನಿಜ, ಆದರೆ ಬಡ್ಡಿಯೂ ಇಲ್ಲ, ಯಾರಾದರೂ ಕೈಕೊಟ್ಟರೆ ಕೇಳುವವರೂ ಇಲ್ಲ. ಮೂರು ವರ್ಷದ ಉಳಿತಾಯವನ್ನು ಅಲ್ಲಿಡಬೇಡಿ.

ಸಾಲದ ಮಾತು. 2,35,000ಕ್ಕೆ ಶೇ. 14ರ ಬಡ್ಡಿಯಲ್ಲಿ ಅದೇ 39 ತಿಂಗಳಿಗೆ ಕಂತು ಸುಮಾರು 7,500 ಬರುತ್ತದೆ, ಬಡ್ಡಿಗೇ 59,000ದಷ್ಟು ಹೋಗುತ್ತದೆ. ನಿಮಗೆ ಸಾಧ್ಯವಿರುವುದು 6,000. ಬೇಡ ಎನ್ನಲು ಇಷ್ಟು ಸಾಕು. ಇನ್ನೊಂದು ಕಾರಣವೂ ಇದೆ: ವಾದ್ಯ ಬಂದ ಮೊದಲ ವರ್ಷ ಇದರಿಂದ ಕಾರ್ಯಕ್ರಮ ಸಿಗುವುದಿಲ್ಲ. ಕೈ, ಕಾಲು, ಮಂಡಿ ಕೂಡಿ ಬರುವುದಕ್ಕೇ ಅಷ್ಟು ಕಾಲ ಬೇಕು.

ಕಳಿಸುವವರಿಗೆ ‘ಗಿಫ್ಟ್ ಅಂತ ಬರೆಯಿರಿ, ಬೆಲೆ ಕಡಿಮೆ ತೋರಿಸಿ’ ಎಂದು ಹೇಳಬೇಡಿ. ಗಿಫ್ಟ್‌ಗೂ ಸುಂಕ ಉಂಟು, ಬೆಲೆ ನಂಬದಿದ್ದರೆ ಅಧಿಕಾರಿ ತಾನೇ ಬೆಲೆ ಕಟ್ಟುತ್ತಾರೆ. ದಾರಿಯಲ್ಲಿ ಕಾಲು ಮುರಿದು ಬಂದರೆ ವಿಮೆ ಕೊಡುವುದು ನೀವು ಬರೆಸಿದ ಬೆಲೆಯನ್ನಷ್ಟೇ. ಬಿಲ್ಲು, ದುಡ್ಡು ಕಳಿಸಿದ ದಾಖಲೆ, ಸೀರಿಯಲ್ ನಂಬರಿನ ಫೋಟೊ ಜೊತೆಗಿರಲಿ. ಊರಿಗೆ ಬರುವ ಸಂಬಂಧಿಕರ ಕೈಯಲ್ಲಿ ತರಿಸುವುದಾದರೆ ಮೊದಲು ಪೆಟ್ಟಿಗೆಯನ್ನು ತೂಗಿಸಿ. ಇಕಾನಮಿಯಲ್ಲಿ ಒಂದು ಬ್ಯಾಗಿಗೆ ಸಾಮಾನ್ಯವಾಗಿ 23 ಕಿಲೋ ಮಿತಿ, ಇದು ಅದರ ಅಂಚಿನಲ್ಲೇ ಇರುವ ಸಾಮಾನು.

ಪ್ರಶ್ನೆ: ಕ್ರೂಸ್ ಹಡಗಿನಲ್ಲಿ ನುಡಿಸಿ ಬಂದವರೊಬ್ಬರು ಹಳೆಯ ಶೋ-ಬಡ್ ಮ್ಯಾವೆರಿಕ್ ಮಾರುತ್ತಿದ್ದಾರೆ. ಮೂರು ಪೆಡಲ್, ಒಂದೇ ಲಿವರ್. ಬೆಲೆ ನಾನು ಕೂಡಿಟ್ಟಷ್ಟೇ ಇದೆ. ತೆಗೆದುಕೊಳ್ಳಲೇ, ಇನ್ನೂ ಕಾಯಲೇ? ಹಳೆಯದರಲ್ಲಿ ಏನೇನು ನೋಡಬೇಕು?
— ಓದುಗರು, ವಾಸ್ಕೊ

ಉತ್ತರ: ಕಾಯಿರಿ. ಮ್ಯಾವೆರಿಕ್ ಕಲಿಯುವವರಿಗೆಂದೇ ಮಾಡಿದ ಮಾದರಿ, ನೋಡಲು ಚೆಂದ, ಸದ್ದೂ ಕೆಟ್ಟದ್ದಲ್ಲ. ಆದರೆ ಕಲಿಯುವವರಿಗೇ ಲಿವರ್ ಬೇಕಾಗುವುದು.

ಈ ವಾದ್ಯದ ಸಾಮಾನ್ಯ ಶ್ರುತಿಯಾದ ಇ9ರಲ್ಲಿ ಒಂದನೇ ತಂತಿಯಿಂದ ಹತ್ತನೆಯದರವರೆಗೆ ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ. ಎ ಪೆಡಲ್ 5 ಮತ್ತು 10ನೇ ತಂತಿಯ ಬಿಯನ್ನು ಸಿ ಶಾರ್ಪಿಗೆ ಏರಿಸುತ್ತದೆ. ಬಿ ಪೆಡಲ್ 3 ಮತ್ತು 6ನೇ ತಂತಿಯ ಜಿ ಶಾರ್ಪನ್ನು ಎಗೆ ಏರಿಸುತ್ತದೆ. ಸಿ ಪೆಡಲ್ 4ನೆಯದನ್ನು ಎಫ್ ಶಾರ್ಪಿಗೆ, 5ನೆಯದನ್ನು ಸಿ ಶಾರ್ಪಿಗೆ ಒಯ್ಯುತ್ತದೆ. ಲಿವರ್‌ಗಳಲ್ಲಿ ಬಿಡಲಾಗದವು ಎರಡು: 4 ಮತ್ತು 8ನೇ ತಂತಿಯ ಇಯನ್ನು ಅರ್ಧ ಸ್ವರ ಇಳಿಸುವುದು, ಅದನ್ನೇ ಅರ್ಧ ಸ್ವರ ಏರಿಸುವುದು. ಏರಿಸುವ ಲಿವರ್ ಇದ್ದರೆ ಜಿ ಮೇಜರ್ ಮೂರು ಕಡೆ ಸಿಗುತ್ತದೆ: 3ನೇ ಫ್ರೆಟ್‌ನಲ್ಲಿ ಏನೂ ಒತ್ತದೆ, 6ರಲ್ಲಿ ಎ ಪೆಡಲ್ ಜೊತೆ ಏರಿಸುವ ಲಿವರ್, 10ರಲ್ಲಿ ಎ ಮತ್ತು ಬಿ ಪೆಡಲ್. ಮ್ಯಾವೆರಿಕ್‌ನ ಒಂದು ಲಿವರಿಗೆ ಎರಡು ಕೆಲಸ ಬರುವುದಿಲ್ಲ, ಅದು ಇಳಿಸುವುದಾದರೆ ನಡುವಿನ ಆ ಮೆಟ್ಟಿಲೇ ಜಾರಿಹೋಗುತ್ತದೆ. ಪಾಠದ ವಿಡಿಯೊಗಳೆಲ್ಲ ಮೂರು ಪೆಡಲ್, ನಾಲ್ಕು ಲಿವರ್ ಇದೆ ಎಂದುಕೊಂಡೇ ಹೇಳಿಕೊಡುತ್ತವೆ. ಆಮೇಲೆ ಲಿವರ್ ಸೇರಿಸಿದರಾಯಿತು ಎನ್ನುವವರಿದ್ದಾರೆ. ಅದಕ್ಕೆ ತಂತಿಯನ್ನು ಎಳೆದು ಸಡಿಲಿಸುವ ಭಾಗವಾದ ಚೇಂಜರ್‌ನಲ್ಲಿ ರಾಡ್ ಸಿಕ್ಕಿಸುವ ತೂತು ಖಾಲಿ ಇರಬೇಕು, ಆ ಮಾದರಿಯ ಬಿಡಿಭಾಗ ಸಿಗಬೇಕು. ವಾಸ್ಕೊದಲ್ಲಿ ಕೂತು ಆ ಕೆಲಸಕ್ಕೆ ಕೈ ಹಾಕಬೇಡಿ.

ಮುಂದೆ ಬೇರೆ ಹಳೆಯ ವಾದ್ಯ ಕಂಡರೆ ವಿಡಿಯೊ ಕರೆಯಲ್ಲಿ ಮಾರುವವರಿಂದ ಇಷ್ಟು ಮಾಡಿಸಿ. ಟ್ಯೂನರ್ ಎದುರಿಟ್ಟು 5ನೇ ತಂತಿ ಮೀಟಿ, ಎ ಪೆಡಲ್ ಒತ್ತಿ ಬಿಡಲಿ. ಸೂಜಿ ಹೊರಟಲ್ಲಿಗೇ ಮರಳಬೇಕು. ಪ್ರತಿ ಸಲ ಬೇರೆ ಕಡೆ ನಿಂತರೆ ಚೇಂಜರ್‌ನಲ್ಲಿ ಜಿಡ್ಡು ಗಟ್ಟಿಯಾಗಿದೆ, ಇಲ್ಲವೇ ಅಚ್ಚು ಸವೆದಿದೆ. ಜಿಡ್ಡಾದರೆ ಲೈಟರ್ ಪೆಟ್ರೋಲಿನಿಂದ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಟ್ಟರೆ ಸರಿಹೋಗುತ್ತದೆ, ಸವೆತಕ್ಕೆ ಅಂಥ ಮದ್ದಿಲ್ಲ. ಆಮೇಲೆ 4ನೇ ತಂತಿ ಮೀಟಿ ಎ, ಬಿ ಎರಡೂ ಪೆಡಲ್ ಒತ್ತಲಿ. ಆ ತಂತಿಗೆ ಈ ಪೆಡಲ್‌ಗಳ ಸಂಬಂಧವಿಲ್ಲ, ಆದರೂ ಶ್ರುತಿ ತುಸು ಇಳಿಯುತ್ತದೆ, ಯಾಕೆಂದರೆ ಪೆಡಲಿನ ಎಳೆತಕ್ಕೆ ಮರದ ಚೌಕಟ್ಟೇ ಬಾಗುತ್ತದೆ. ಐದು ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಒಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ಬಿಟ್ಟುಬಿಡಿ.

ತಂತಿ ಬಾಗುವ ಚೇಂಜರ್ ಬೆರಳುಗಳ ನೆತ್ತಿಯನ್ನು ಹತ್ತಿರದಿಂದ ತೋರಿಸಲಿ. ಅಲ್ಲಿ ಗೀರು ಕೊರೆದಿದ್ದರೆ ತಂತಿ ತಂಬೂರಿಯ ಜವಾರಿಯಂತೆ ಝೇಂಕರಿಸುತ್ತದೆ, 3ನೇ ತಂತಿ ಪದೇ ಪದೇ ಕಡಿಯುತ್ತದೆ. ವಾದ್ಯವನ್ನು ಮಗುಚಿ ಅಡಿಭಾಗವನ್ನೂ ತೋರಿಸಲಿ: ರಾಡ್‌ಗಳು ನೇರವಾಗಿವೆಯೇ, ತುದಿಯ ನೈಲಾನ್ ನಟ್‌ಗಳು ಒಡೆದಿಲ್ಲವೇ, ನಾಲ್ಕು ಕಾಲು, ಪೆಡಲ್ ರಾಡ್ ಎಲ್ಲ ಇವೆಯೇ. ಪೆಡಲ್‌ಗಳ ಕ್ರಮವನ್ನೂ ಕೇಳಿ. ಎಡದಿಂದ ಎ, ಬಿ, ಸಿ ಇದ್ದರೆ ಅದು ವಾದಕ ಬಡ್ಡಿ ಎಮನ್ಸ್ ಹೆಸರಿನ ಜೋಡಣೆ. ಸಿ, ಬಿ, ಎ ಇದ್ದರೆ ಇನ್ನೊಬ್ಬ ವಾದಕ ಜಿಮ್ಮಿ ಡೇ ಹೆಸರಿನದು. ಎರಡೂ ಸರಿಯೇ, ಪಾಠಗಳು ಹೆಚ್ಚಾಗಿ ಮೊದಲನೆಯದರಲ್ಲಿವೆ. ಎರಡು ಕುತ್ತಿಗೆಯ ವಾದ್ಯ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ, ಅದರ ಸಾಗಣೆ ಖರ್ಚೇ ಆ ಅಗ್ಗವನ್ನು ನುಂಗುತ್ತದೆ.

ಖರೀದಿ ಖಚಿತವಾದರೆ ಪ್ಯಾಕಿಂಗ್ ಬಗ್ಗೆ ಒಂದು ಮಾತು ಹೇಳಿಬಿಡಿ: ಮಂಡಿ ಲಿವರ್‌ಗಳನ್ನು ಮಡಚಿ, ಸುತ್ತ ಫೋಮ್ ತುರುಕಬೇಕು. ಕಾಲುಗಳು, ಪೆಡಲ್ ಪಟ್ಟಿ ಪೆಟ್ಟಿಗೆಯೊಳಗೆ ಅಲುಗಾಡಬಾರದು. ದಾರಿಯಲ್ಲಿ ಬಾಗುವುದು ಸಾಮಾನ್ಯವಾಗಿ ಲಿವರ್‌ಗಳೇ.

ಪ್ರಶ್ನೆ: ದುಡ್ಡು ಕೂಡಲು ಇನ್ನೂ ಎರಡು ವರ್ಷ ಬೇಕು. ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕೇ?
— ಓದುಗರು, ಚಿಂಚ್‌ವಡ್

ಉತ್ತರ: ಮನೆಯಲ್ಲಿರುವ ಅಕೂಸ್ಟಿಕ್ ಗಿಟಾರನ್ನೇ ತೊಡೆಯ ಮೇಲೆ ಮಲಗಿಸಿ. ತಲೆಯ ಕಡೆ ತಂತಿ ಕೂರುವ ಪಟ್ಟಿಯಾದ ನಟ್ ಮೇಲೆ ಕೂರುವ ಉಕ್ಕಿನ ಎಕ್ಸ್‌ಟೆನ್ಷನ್ ನಟ್ ಹಾಕಿದರೆ ತಂತಿಗಳು ಎತ್ತರವಾಗಿ ಬಾರ್ ಫ್ರೆಟ್‌ಗೆ ತಗಲುವುದಿಲ್ಲ. ಶ್ರುತಿ ದಪ್ಪ ತಂತಿಯಿಂದ ಇ, ಬಿ, ಇ, ಜಿ ಶಾರ್ಪ್, ಬಿ, ಇ. ಇದರ ತೆಳುವಾದ ನಾಲ್ಕು ತಂತಿಗಳೂ ಪೆಡಲ್ ಸ್ಟೀಲಿನ 8, 6, 5, 4ನೇ ತಂತಿಗಳೂ ಒಂದೇ ಸ್ವರದವು. ಇಲ್ಲಿ ಕಲಿತದ್ದು ಅಲ್ಲಿಗೆ ನೇರ ಬರುತ್ತದೆ. ಹಳೆಯ ಗಿಟಾರಾದರೆ ಎಲ್ಲವನ್ನೂ ಒಂದು ಪೂರ್ಣ ಸ್ವರ ಇಳಿಸಿ ಡಿಗೆ ಕಟ್ಟಿ, ಇಲ್ಲದಿದ್ದರೆ ಬ್ರಿಜ್ ಮೇಲೇಳುತ್ತದೆ. ಒಂದಿಷ್ಟು ಹೆಚ್ಚು ಕೊಡಬಲ್ಲಿರಾದರೆ ಕೊಲ್ಕತ್ತಾದಲ್ಲಿ ತಯಾರಾಗುವ ಹವಾಯಿಯನ್ ಗಿಟಾರ್ ತರಿಸಬಹುದು.

ಬಾರ್ ಅನ್ನು ಭೋಸರಿಯ ಯಾವುದಾದರೂ ಲೇಥ್ ವರ್ಕ್‌ಶಾಪಿನಲ್ಲಿ ಮಾಡಿಸಿ. 304 ಸ್ಟೇನ್‌ಲೆಸ್ ರಾಡ್, ವ್ಯಾಸ 22 ಮಿ.ಮೀ., ಉದ್ದ 83 ಮಿ.ಮೀ. ಒಂದು ತುದಿ ಗುಂಡಿನಂತೆ ದುಂಡಗೆ, ಇನ್ನೊಂದು ತುದಿಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ತೂಕ 230 ಗ್ರಾಂ ಆಸುಪಾಸು ಬರುತ್ತದೆ. ಮೇಲ್ಮೈಗೆ 400, 800, 1200ರ ಎಮರಿ ಹಾಳೆ ಕ್ರಮವಾಗಿ ಹೊಡೆಸಿ ಬಫಿಂಗ್ ಮಾಡಿಸಿ. ಉಗುರಿಗೆ ಗೀರು ತಗಲಿದರೆ ಅದು ತಂತಿಯ ಮೇಲೂ ಕರಕರ ಎನ್ನುತ್ತದೆ.

ಅಭ್ಯಾಸದಲ್ಲಿ ಮೊದಲು ಶ್ರುತಿ. ಬಾರ್ ಫ್ರೆಟ್ ಪಟ್ಟಿಯ ನೆತ್ತಿಗೆ ಸರಿಯಾಗಿ ನಿಲ್ಲಬೇಕು, ಮಾಮೂಲಿ ಗಿಟಾರಿನ ಹಾಗೆ ಅದರ ಹಿಂದಲ್ಲ. ಷಡ್ಜದ ಡ್ರೋನ್ ಹಾಕಿಕೊಂಡು ನುಡಿಸಿ. ಎರಡನೆಯದು, ಮೀಟಿದ ತಂತಿಯನ್ನು ಅಂಗೈ ಅಂಚಿನಿಂದ ನಿಲ್ಲಿಸುವುದು. ಇದಿಲ್ಲದೆ ಹತ್ತು ತಂತಿಯ ಮುಂದೆ ಕೂತರೆ ಎಲ್ಲವೂ ಒಂದರ ಮೇಲೊಂದು ಮೊಳಗಿ ಗದ್ದಲವಾಗುತ್ತದೆ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಎರಡು ಬೆರಳಿಗೆ ಲೋಹದ ಪಿಕ್ ಈಗಿನಿಂದಲೇ ಹಾಕಿಕೊಳ್ಳಿ.

ಪ್ರಶ್ನೆ: ಆಂಪ್ಲಿಫೈಯರನ್ನೂ ಅಮೆರಿಕದಿಂದಲೇ ತರಿಸಬೇಕೇ?
— ಓದುಗರು, ಭಾಂಡುಪ್

ಉತ್ತರ: ಬೇಡ. ಅಲ್ಲಿಯದು 120 ವೋಲ್ಟ್, ಇಲ್ಲಿ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ತೂಕಕ್ಕೆ ಸುಂಕವೂ ಸೇರುತ್ತದೆ. ಡಿಸ್ಟಾರ್ಷನ್ ಬಾರದೆ ಸ್ವಚ್ಛ ಸದ್ದು ಕೊಡುವ ಕೀಬೋರ್ಡ್ ಆಂಪ್ ಇಲ್ಲೇ ಸಿಗುತ್ತದೆ, ರಿವರ್ಬ್ ಇದ್ದರೆ ಸಾಕು. ವಾಲ್ಯೂಮ್ ಪೆಡಲ್ ಕೊಳ್ಳುವಾಗ ಎಚ್ಚರ: ಕೀಬೋರ್ಡಿನದು 25 ಕಿಲೋಓಮ್ ಆಸುಪಾಸಿನದಾಗಿರುತ್ತದೆ. ಸ್ಟೀಲಿನ ಸಿಂಗಲ್ ಕಾಯಿಲ್ ಪಿಕಪ್ಪೇ ಸುಮಾರು 17 ಕಿಲೋಓಮ್, ಆ ಪೆಡಲಿಗೆ ಕೊಟ್ಟರೆ ತಾರ ಸ್ವರಗಳ ಹೊಳಪೆಲ್ಲ ಹೋಗುತ್ತದೆ. 500 ಕಿಲೋಓಮಿನದು ಕೇಳಿ.

ಪ್ರಶ್ನೆ: ಮಡಗಾಂವ್‌ನ ಮಳೆ, ಸಮುದ್ರದ ಗಾಳಿ ಇದಕ್ಕೆ ತಡೆಯುತ್ತದೆಯೇ? ತಂತಿ ಎಷ್ಟು ತರಿಸಿಡಬೇಕು?
— ಓದುಗರು, ಮಡಗಾಂವ್

ಉತ್ತರ: ಮರಕ್ಕಿಂತ ಕಬ್ಬಿಣದ ಭಾಗಗಳದ್ದೇ ಚಿಂತೆ. ರಿಟರ್ನ್ ಸ್ಪ್ರಿಂಗ್, ರಾಡ್, ತಂತಿ ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ನುಡಿಸಿದ ಮೇಲೆ ತಂತಿ ಒರೆಸಿ ಪೆಟ್ಟಿಗೆಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಇರಲಿ. ಬಚ್ಚಲ ಮೇಲಿನ ಲಾಫ್ಟ್‌ನಲ್ಲಿ ಮಾತ್ರ ಬೇಡ. ತುಕ್ಕು ಬಿಡಿಸುವ ಸ್ಪ್ರೇಯನ್ನು ಚೇಂಜರ್‌ಗೆ ಹೊಡೆಯಬೇಡಿ, ಅದು ಒಣಗಿ ಧೂಳು ಹಿಡಿದು ಅಂಟಾಗುತ್ತದೆ.

ಗಿಟಾರಿನೊಂದಿಗೇ ನಾಲ್ಕು ಸೆಟ್ ತಂತಿ ತರಿಸಿ, ಆಮೇಲೆ ಬಿಡಿಯಾಗಿ ತರಿಸಿದರೆ ಸಾಗಣೆಯೇ ದುಬಾರಿ. ಮೊದಲು ಕಡಿಯುವುದು 3ನೇ ತಂತಿ, 0.011 ಇಂಚಿನದು. ಅಷ್ಟು ತೆಳುವಿದ್ದು ಜಿ ಶಾರ್ಪಿಗೆ ಬಿಗಿದು, ಬಿ ಪೆಡಲ್ ಒತ್ತಿದಾಗೆಲ್ಲ ಇನ್ನಷ್ಟು ಎಳೆಸಿಕೊಳ್ಳುವ ತಂತಿ ಅದು. ಅದಕ್ಕೆ ಮಾತ್ರ ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ 0.011 ಸಾದಾ ತಂತಿ ಆಗುತ್ತದೆ, ಇಲ್ಲಿಯ ಅಂಗಡಿಗಳಲ್ಲೇ ಬಿಡಿಯಾಗಿ ಕೇಳಿ ಒಂದು ಡಜನ್ ತೆಗೆದಿಡಿ. ಹೊಸ ತಂತಿ ಹಾಕಿದ ಮೇಲೆ ಪೆಡಲ್ ಮುಟ್ಟದೆ ತಲೆಯ ಬಿರಡೆಗಳಲ್ಲಿ ಶ್ರುತಿ ಮಾಡಿ. ಆಮೇಲೆ ಪೆಡಲ್ ಒತ್ತಿಕೊಂಡು ಚೇಂಜರ್ ಕಡೆಯ ನೈಲಾನ್ ನಟ್‌ಗಳನ್ನು ತಿರುಗಿಸಿ. ಕ್ರಮ ತಿರುಗುಮುರುಗಾದರೆ ಎರಡೂ ಕೆಡುತ್ತವೆ. ಜಿ ಶಾರ್ಪ್ ತಂತಿಗಳನ್ನು ಟ್ಯೂನರ್ ತೋರಿಸುವುದಕ್ಕಿಂತ ಹತ್ತು ಸೆಂಟ್ಸ್‌ನಷ್ಟು ಕೆಳಗಿಡಿ. ತಂಬೂರಿ ಕೇಳಿ ಬೆಳೆದ ಕಿವಿಗೆ ಅಂತರ ಗಾಂಧಾರ ಕೂರುವುದು ಅಲ್ಲೇ.