ಕಾಗದದ ಡೈರಿಯೋ ಎಲೆಕ್ಟ್ರಾನಿಕ್ ಡೈರಿಯೋ: ಸಿಡ್ನಿ ಮಾರ್ಗಕ್ಕೆ ಹೊರಟವರಿಗೆ ಒಂದು ಉತ್ತರ

ಹುಬ್ಬಳ್ಳಿಯಿಂದ ಮುಂಬೈಗೆ ಏಳು ವರ್ಷ ಲಾರಿ ಓಡಿಸಿ, ಪತ್ನಿಯ ವೀಸಾದ ಮೇಲೆ ಮೆಲ್ಬರ್ನ್‌ಗೆ ಬಂದು, ಈಗ ಎಚ್‌ಸಿ (ಟ್ರೇಲರ್ ಜೋಡಿಸಿದ ಭಾರಿ ಲಾರಿ ಓಡಿಸುವ) ಪರವಾನಗಿ ಪಡೆದು ಸಿಡ್ನಿ ಮಾರ್ಗದ ಸೆಮಿ ಟ್ರೇಲರ್ ಕೆಲಸಕ್ಕೆ ಸೇರಲಿರುವ ನೀವು ‘ಅಣ್ಣಾ’ ಎಂದು ಕರೆದು ಎರಡು ಪ್ರಶ್ನೆ ಕೇಳಿದ್ದೀರಿ. ಡ್ರೈವರ್ ತನ್ನ ಕೆಲಸ, ವಿಶ್ರಾಂತಿಯ ಹೊತ್ತನ್ನು ದಾಖಲಿಸುವ ಕಾಗದದ ವರ್ಕ್ ಡೈರಿ, ಎಲೆಕ್ಟ್ರಾನಿಕ್ ಡೈರಿ, ಇವೆರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ ಎಂದು ಕಂಪನಿಯವರು ಹೇಳಿದ್ದಾರೆ, ಯಾವುದು ಮೇಲು? ಎಲೆಕ್ಟ್ರಾನಿಕ್ ಡೈರಿ ಹಿಡಿದವನು ಒಂದು ನಿಮಿಷ ತಪ್ಪಿದರೂ ಸಿಕ್ಕಿಬೀಳುತ್ತಾನೆ ಎಂದು ಯಾರ್ಡಿನಲ್ಲಿ ಆಡಿಕೊಳ್ಳುತ್ತಾರಲ್ಲ, ಅದು ನಿಜವೇ?

ಹನ್ನೆರಡು ವರ್ಷಗಳಿಂದ ಮೆಲ್ಬರ್ನ್ ಮತ್ತು ಸಿಡ್ನಿ ನಡುವಿನ ಇದೇ ಹ್ಯೂಮ್ ಹೆದ್ದಾರಿಯಲ್ಲಿ ಓಡಾಡುತ್ತಿರುವ ನನ್ನ ಉತ್ತರ ಇದು: ಮೊದಲ ಮೂರು ತಿಂಗಳು ಕಾಗದದ ಡೈರಿ ಬರೆಯಿರಿ, ಆಮೇಲೆ ಎಲೆಕ್ಟ್ರಾನಿಕ್ ಡೈರಿಗೆ ಬದಲಾಯಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ನಡೆಸಲು ಹೋಗಬೇಡಿ, ಅದೇ ಒಂದು ಅಪರಾಧ. ಬದಲಾಯಿಸಿದ ಮೇಲೂ ಹಿಂದಿನ 28 ದಿನಗಳ ದಾಖಲೆ ನಿಮ್ಮ ಜೊತೆ ಲಾರಿಯಲ್ಲಿ ಇರಬೇಕು. ಮೊದಲು ಕಾಗದ ಎಂದು ನಾನು ಏಕೆ ಹೇಳುತ್ತೇನೆ ಎಂಬುದು ಮುಂದೆ ಓದಿದಾಗ ತಿಳಿಯುತ್ತದೆ.

ನಮ್ಮಲ್ಲಿಯೂ ಕಾನೂನು ಇಲ್ಲವೆಂದಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಆದರೆ ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಹೊರಟ ಡ್ರೈವರನನ್ನು ಯಾರಾದರೂ ನಿಲ್ಲಿಸಿ ‘ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದ್ದೆ’ ಎಂದು ಕೇಳಿದ್ದನ್ನು ನೀವೂ ನೋಡಿರಲಾರಿರಿ, ನಾನೂ ನೋಡಿಲ್ಲ. ಇಲ್ಲಿ ಕೇಳುವುದು ಅದನ್ನೇ. 2014ರ ಫೆಬ್ರವರಿಯಿಂದ ಜಾರಿಯಲ್ಲಿರುವ ಭಾರಿ ವಾಹನಗಳ ರಾಷ್ಟ್ರೀಯ ಕಾನೂನು ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ಟ್ಯಾಸ್ಮೇನಿಯಾ ಮತ್ತು ರಾಜಧಾನಿ ಪ್ರದೇಶಕ್ಕೆ ಅನ್ವಯಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಮತ್ತು ಉತ್ತರ ಪ್ರಾಂತ್ಯದವರದು ಬೇರೆ ಲೆಕ್ಕ, ಅದು ಸದ್ಯಕ್ಕೆ ನಿಮಗೆ ಬೇಡ. 12 ಟನ್ನಿಗಿಂತ ಹೆಚ್ಚಿನ ವಾಹನವನ್ನು ನೆಲೆಯಿಂದ 100 ಕಿಲೋಮೀಟರಿಗಿಂತ ದೂರ ಒಯ್ಯುವವನು ಡೈರಿ ಇಟ್ಟುಕೊಳ್ಳಲೇಬೇಕು.

ಒಬ್ಬನೇ ಓಡಿಸುವವನಿಗೆ ಇರುವ ಸಾಮಾನ್ಯ ಸಮಯಮಿತಿ ಹೀಗಿದೆ. ಯಾವುದೇ ಐದೂವರೆ ಗಂಟೆಯಲ್ಲಿ ಐದೂಕಾಲು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, 15 ನಿಮಿಷ ಬಿಡುವು ಬೇಕು. 8 ಗಂಟೆಯಲ್ಲಿ ಒಟ್ಟು ಅರ್ಧ ಗಂಟೆ, 11 ಗಂಟೆಯಲ್ಲಿ ಒಟ್ಟು ಒಂದು ಗಂಟೆ ಬಿಡುವು. 24 ಗಂಟೆಯಲ್ಲಿ ಹೆಚ್ಚೆಂದರೆ 12 ಗಂಟೆ ಕೆಲಸ ಮತ್ತು ಲಾರಿ ನಿಂತಿರುವಂತೆಯೇ ಎಡೆಬಿಡದ 7 ಗಂಟೆ ವಿಶ್ರಾಂತಿ. 7 ದಿನಗಳಲ್ಲಿ 72 ಗಂಟೆ ಕೆಲಸ ಮತ್ತು ಒಂದು ಪೂರ್ತಿ 24 ಗಂಟೆಯ ರಜೆ. ಇದನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಹೊಸಬರು ಎಡವುವುದು ಬೇರೆ ಎರಡು ಕಡೆ.

ಮೊದಲನೆಯದು ‘ಕೆಲಸ’ ಎಂಬ ಮಾತಿನ ಅರ್ಥ. ಊರಿನಲ್ಲಿ ನಮಗೆ ಡ್ರೈವಿಂಗ್ ಎಂದರೆ ಸ್ಟೀರಿಂಗ್ ಹಿಡಿಯುವುದು. ಲೋಡಿಂಗ್ ಹಮಾಲರದು, ಟಾರ್ಪಾಲು ಕಟ್ಟುವುದು ಕ್ಲೀನರನದು, ಆ ಹೊತ್ತಿಗೆ ಡ್ರೈವರ್ ಕ್ಯಾಬಿನ್‌ನಲ್ಲಿ ಕಾಲು ಚಾಚುತ್ತಾನೆ. ಇಲ್ಲಿ ಕ್ಲೀನರ್ ಎಂಬ ಮನುಷ್ಯನೇ ಇಲ್ಲ. ಲೋಡು ಮಾಡುವುದು, ಇಳಿಸುವುದು, ಪಟ್ಟಿ ಬಿಗಿಯುವುದು, ಟೈರು ನೋಡುವುದು, ಡೀಸೆಲ್ ಹಾಕಿಸುವುದು, ಲಾರಿ ತೊಳೆಯುವುದು, ಕಾಗದಪತ್ರ ತುಂಬುವುದು ಎಲ್ಲವೂ ಕೆಲಸವೇ. ಎಂಜಿನ್ ಓಡುತ್ತಿರುವಾಗ ಚಾಲಕನ ಸೀಟಿನಲ್ಲಿ ಸುಮ್ಮನೆ ಕುಳಿತಿದ್ದರೂ ಅದು ಕೆಲಸ. ಜನವರಿಯ ಒಂದು ಮಧ್ಯಾಹ್ನ, ಸಿಡ್ನಿಯ ಪಶ್ಚಿಮ ಭಾಗದ ಒಂದು ಗೋದಾಮಿನ ಮುಂದೆ, 41 ಡಿಗ್ರಿ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡು ಸೀಟಿನಲ್ಲೇ ಎರಡು ಗಂಟೆ ಕಾದು ಅದನ್ನು ವಿಶ್ರಾಂತಿ ಎಂದು ಗೆರೆ ಎಳೆದವನು ನಾನು. ಜೊತೆಗಿದ್ದ ಪಂಜಾಬಿ ಹಿರಿಯರೊಬ್ಬರು ಪುಟ ನೋಡಿ, ‘ಹಿಂದಿನ ಬರ್ತಿಗೆ ಹೋಗಿ ಮಲಗಿದ್ದರೆ ಅದು ವಿಶ್ರಾಂತಿ, ಸೀಟಿನಲ್ಲಿ ಕುಳಿತರೆ ಅಲ್ಲ’ ಎಂದು ತಿಳಿಸುವವರೆಗೆ ನನಗೆ ಅದು ಗೊತ್ತಿರಲಿಲ್ಲ.

ಎರಡನೆಯದು 24 ಗಂಟೆಯನ್ನು ಎಲ್ಲಿಂದ ಎಣಿಸಬೇಕು ಎಂಬುದು. ಮಧ್ಯರಾತ್ರಿಯಿಂದ ಅಲ್ಲ, ದೊಡ್ಡ ವಿಶ್ರಾಂತಿ ಮುಗಿದ ಗಳಿಗೆಯಿಂದ. ಸೋಮವಾರ ಬೆಳಗಿನ 5ಕ್ಕೆ ಹೊರಟಿರಿ ಎಂದುಕೊಳ್ಳಿ. ನಡುವೆ ಎರಡು ಗಂಟೆ ಬಿಡುವು ತೆಗೆದುಕೊಂಡು ಸಂಜೆ 7ಕ್ಕೆ 12 ಗಂಟೆ ಕೆಲಸ ಮುಗಿಸಿ ಮಲಗಿದಿರಿ. ರಾತ್ರಿ 2ಕ್ಕೆ 7 ಗಂಟೆ ತುಂಬಿತು. ಹೊರಡಬಹುದೇ? ಹೊರಡುವಂತಿಲ್ಲ. ನಿದ್ರೆ ಪೂರ್ತಿಯಾದರೂ ಸೋಮವಾರ ಶುರುವಾದ 24 ಗಂಟೆ ಮಂಗಳವಾರ ಬೆಳಗಿನ 5ರವರೆಗೆ ನಡೆಯುತ್ತಲೇ ಇರುತ್ತದೆ, ಅದರ ಪಾಲಿನ 12 ಗಂಟೆ ಆಗಲೇ ಖರ್ಚಾಗಿದೆ. ‘ಏಳು ಗಂಟೆ ಮಲಗಿದೆ, ಮೀಟರ್ ಸೊನ್ನೆಗೆ ಬಂತು’ ಎಂದು ನಂಬಿ ದಂಡ ಕಟ್ಟಿದವರನ್ನು ನಾನು ಬೆರಳೆಣಿಕೆಗೆ ಮೀರಿ ಕಂಡಿದ್ದೇನೆ.

ಇಲ್ಲಿಯೇ ಎಲೆಕ್ಟ್ರಾನಿಕ್ ಡೈರಿಯ ಉಪಯೋಗ ಬರುತ್ತದೆ. 2020ರ ಡಿಸೆಂಬರ್ 1ರಿಂದ ಕಾಗದದ ಬದಲು ಇದನ್ನು ಬಳಸಲು ಇಲ್ಲಿ ಅವಕಾಶವಿದೆ, ಕಡ್ಡಾಯವಲ್ಲ. ಆದರೆ ಭಾರಿ ವಾಹನಗಳ ರಾಷ್ಟ್ರೀಯ ನಿಯಂತ್ರಕರು ಮಂಜೂರು ಮಾಡಿದ್ದೇ ಆಗಿರಬೇಕು, ಯಾವುದೋ ಆ್ಯಪ್ ಇಳಿಸಿಕೊಂಡರೆ ಆಗದು. ಒಂದರ ಮೇಲೊಂದು ಹಾಸಿದಂತಿರುವ ಆ 24 ಗಂಟೆಗಳ ಲೆಕ್ಕವನ್ನು ಅದು ತಾನೇ ಮಾಡಿ, ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಪರದೆಯಲ್ಲಿ ತೋರಿಸುತ್ತದೆ. ಇನ್ನೊಂದು ದೊಡ್ಡ ಲಾಭ ನಿಮಿಷಗಳದು. ಕಾಗದದಲ್ಲಿ ಎಲ್ಲವೂ 15 ನಿಮಿಷದ ಚೌಕ. ಕೆಲಸವನ್ನು ಮೇಲಕ್ಕೂ ವಿಶ್ರಾಂತಿಯನ್ನು ಕೆಳಕ್ಕೂ ಎಣಿಸಬೇಕು. ಅಂದರೆ 29 ನಿಮಿಷ ಕುಳಿತು ಚಹಾ ಕುಡಿದರೆ ಡೈರಿಯಲ್ಲಿ ಸಿಗುವುದು 15 ನಿಮಿಷ, ಎರಡೇ ನಿಮಿಷ ಲಾರಿ ಸರಿಸಿದರೆ ಬೀಳುವುದೂ 15 ನಿಮಿಷದ ಕೆಲಸ. ಎಲೆಕ್ಟ್ರಾನಿಕ್ ಡೈರಿ ನಿಮಿಷವನ್ನು ನಿಮಿಷವಾಗಿಯೇ ಎಣಿಸುತ್ತದೆ. ಹಾಗಾಗಿ ಯಾರ್ಡಿನ ಮಾತು ತಲೆಕೆಳಗಾಗಿದೆ: ಒಂದು ನಿಮಿಷಕ್ಕೆ ಹೆಚ್ಚು ಬೆಲೆ ತೆರಬೇಕಾದದ್ದು ಕಾಗದದಲ್ಲಿ.

ಸಿಕ್ಕಿಬೀಳುವ ಭಯದ ಬಗ್ಗೆಯೂ ಹೇಳಿಬಿಡುತ್ತೇನೆ. ಡೈರಿ ತಪ್ಪನ್ನು ಕಂಡೊಡನೆ ತಾನೇ ಪೊಲೀಸರಿಗೆ ದೂರು ಕೊಡುವುದಿಲ್ಲ. ದಾರಿಯಲ್ಲಿ ಅಧಿಕಾರಿ ನಿಲ್ಲಿಸಿ ಕೇಳಿದಾಗ ನೀವು ಪರದೆ ತೋರಿಸುತ್ತೀರಿ. ತಪ್ಪಿಗೂ ಮೆಟ್ಟಿಲುಗಳಿವೆ: 24 ಗಂಟೆಯ ಮಿತಿಯನ್ನು 45 ನಿಮಿಷದೊಳಗೆ ಮೀರಿದರೆ ಅದು ಸಣ್ಣ ಅಪಾಯದ ವರ್ಗ, ಒಂದೂವರೆ ಗಂಟೆಗಿಂತ ಹೆಚ್ಚು ಮೀರಿದರೆ ಅತಿ ಗಂಭೀರ ವರ್ಗ. ಇನ್ನು ಕಾಗದದಲ್ಲಾದರೆ ಗೆರೆಯನ್ನು ಸ್ವಲ್ಪ ಆಚೀಚೆ ಎಳೆಯಬಹುದು ಎಂದು ಯಾರಾದರೂ ಕಿವಿಯೂದಿದರೆ, ನ್ಯೂ ಸೌತ್ ವೇಲ್ಸ್‌ನ ಹೆದ್ದಾರಿಗಳ ಮೇಲೆ ಸೇಫ್-ಟಿ-ಕ್ಯಾಮ್ ಎಂಬ ಕ್ಯಾಮೆರಾಗಳು ಲಾರಿ ಎಷ್ಟು ಹೊತ್ತಿಗೆ ಎಲ್ಲಿ ದಾಟಿತು ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ ಎಂಬುದನ್ನು ನೆನಪಿಡಿ. ಸುಳ್ಳು ಬರೆಯುವುದು ಸಮಯ ಮೀರುವುದಕ್ಕಿಂತ ಬೇರೆಯದೇ ಅಪರಾಧ.

ಆದರೂ ಮೊದಲು ಕಾಗದ ಎಂದೆ. ಪೆನ್ನು ಹಿಡಿದು ಗೆರೆ ಎಳೆದವನಿಗೆ ಮಾತ್ರ ತನ್ನ ದಿನ ಎಲ್ಲಿ ಸೋರಿಹೋಗುತ್ತಿದೆ ಎಂಬುದು ಕಾಣುತ್ತದೆ. ಮೊದಲ ದಿನದಿಂದಲೇ ಪರದೆ ನೋಡಿದವನು ಹಸಿರು ಬಣ್ಣವನ್ನು ನಂಬಿ ಕೂರುತ್ತಾನೆ. ಯಂತ್ರ ಕೆಟ್ಟರೆ ಅವನು ಕಾಗದದಲ್ಲಿಯೇ ಪೂರಕ ದಾಖಲೆ ಬರೆಯಬೇಕು, ಆಗ ಒದ್ದಾಡುತ್ತಾನೆ.

ಯಾವ ಡೈರಿಯೂ ಪರಿಹರಿಸದ ಒಂದು ಸಂಗತಿಯೂ ಇದೆ. ನಾನು ಸೇರಿದ ಮೊದಲ ವರ್ಷ, ಹೆದ್ದಾರಿಯ ಪಕ್ಕದ ತಂಗುದಾಣದಲ್ಲಿ ರಾತ್ರಿ ಒಂಬತ್ತೂವರೆಗೆ ಮಲಗಿದ್ದೆ. ಎರಡು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ನನ್ನ ಲಾರಿ ಅಡ್ಡ ನಿಂತದ್ದರಿಂದ ಅವರ ಗಾಡಿ ಹೊರಗೆ ಬರುತ್ತಿರಲಿಲ್ಲ. ಐವತ್ತು ಮೀಟರ್ ಮುಂದೆ ಸರಿಸಿ ಮತ್ತೆ ಮಲಗಿದೆ. ಆದರೆ ಎಡೆಬಿಡದ 7 ಗಂಟೆ ಮುರಿದಿತ್ತು. 15 ನಿಮಿಷ ಕೆಲಸ ಎಂದು ಬರೆದು, ಎರಡೂಕಾಲರಿಂದ ಹೊಸದಾಗಿ ಎಣಿಸಿ, ಬೆಳಗಿನ ಒಂಬತ್ತೂಕಾಲಿಗೆ ಹೊರಟೆ. ಆಗಿನ ನನ್ನ ಕಂಪನಿಯ ಮೇಲ್ವಿಚಾರಕ ಫೋನಿನಲ್ಲಿ, ‘ಅದನ್ನು ಬರೆಯಲೇಬೇಕಿತ್ತೇ?’ ಎಂದು ರೇಗಿದ. ಬರೆದದ್ದು ನನ್ನ ತಪ್ಪಲ್ಲ, ಆ ಪ್ರಶ್ನೆಯನ್ನು ಕೇಳಿದ್ದು ಅವನ ತಪ್ಪು ಎಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಇಲ್ಲಿಯ ಕಾನೂನಿನಲ್ಲಿ ಹೊಣೆಗಾರಿಕೆಯ ಸರಪಳಿ ಎಂಬುದೊಂದಿದೆ; ಸರಕು ಕಳಿಸುವವನು, ವೇಳಾಪಟ್ಟಿ ಹಾಕುವವನು, ಲೋಡಿಂಗ್ ನೋಡಿಕೊಳ್ಳುವವನು, ಮಾಲೀಕ, ಎಲ್ಲರೂ ಅದರಲ್ಲಿ ಬರುತ್ತಾರೆ. ಡ್ರೈವರನನ್ನು ಸಮಯ ಮೀರುವಂತೆ ಮಾಡುವ ವೇಳಾಪಟ್ಟಿಗೆ ಅವರೂ ಉತ್ತರ ಕೊಡಬೇಕು. ಆದ್ದರಿಂದ ಗೋದಾಮಿನಲ್ಲಿ ಕಾಯಿಸಿದಾಗ ಬಂದ ಹೊತ್ತು, ಒಳಗೆ ಬಿಟ್ಟ ಹೊತ್ತು ಬರೆದು ಕಚೇರಿಗೆ ಸಂದೇಶ ಕಳಿಸಿಬಿಡಿ. ಜಗಳಕ್ಕಲ್ಲ, ದಾಖಲೆಗೆ.

ಡೈರಿಯಲ್ಲಿ ಗಂಟೆ ಉಳಿದಿದೆ ಎಂದು ಓಡಿಸುವುದೂ ಸರಿಯಲ್ಲ. ದಣಿವಿನಿಂದ ಓಡಿಸಲು ಆಗದ ಸ್ಥಿತಿಯಲ್ಲಿರುವವನು ಸಮಯ ಮಿಕ್ಕಿದ್ದರೂ ಓಡಿಸುವಂತಿಲ್ಲ ಎಂಬುದು ಪ್ರತ್ಯೇಕ ನಿಯಮ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಹಿಡಿಯುವ ಮಂಪರು ನಿಮಗೆ ಪುಣೆ ಘಾಟಿನಿಂದಲೇ ಪರಿಚಯ. ಹ್ಯೂಮ್ ರಸ್ತೆ ನೇರವಾಗಿ, ನುಣುಪಾಗಿ ಇರುವುದರಿಂದ ಇಲ್ಲಿ ಅದು ಇನ್ನೂ ಮೆತ್ತಗೆ ಬರುತ್ತದೆ. ಮೆಲ್ಬರ್ನ್‌ನಿಂದ ಸಿಡ್ನಿಗೆ ಸುಮಾರು 880 ಕಿಲೋಮೀಟರ್, ನಮ್ಮ ಲಾರಿಗಳ ವೇಗಮಿತಿ 100. ಹೆಚ್ಚುಕಡಿಮೆ ನಡುದಾರಿಯಲ್ಲಿ ಟಾರ್ಕಟ್ಟಾ ಎಂಬ ಚಿಕ್ಕ ಊರು ಸಿಗುತ್ತದೆ, ಅಲ್ಲಿ ರಸ್ತೆಯಲ್ಲಿ ಸತ್ತ ಲಾರಿ ಚಾಲಕರ ಹೆಸರುಗಳನ್ನು ಕೆತ್ತಿದ ಸ್ಮಾರಕವಿದೆ. ಮೊದಲ ಟ್ರಿಪ್ಪಿನಲ್ಲಿ ನಿಮ್ಮ ಬಿಡುವನ್ನು ಅಲ್ಲಿಯೇ ತೆಗೆದುಕೊಳ್ಳಿ. ಪುಟ ತುಂಬುವಾಗ ಅನುಮಾನ ಬಂದರೆ ಲಾರಿ ನಿಲ್ಲಿಸಿದ ಮೇಲೆ ನನಗೆ ಫೋನು ಮಾಡಿ.