ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್ ವಿಂಡೋ ನಡೆಸುವ ಪ್ರೋಗ್ರಾಂ) ಒಳಗೆ ಹೋಮ್, ಎಂಡ್ ಕೀ ಕೆಲಸ ಮಾಡುತ್ತಿಲ್ಲ, ಬೇರೆ ಯಾವ ಟರ್ಮಿನಲ್ ಎಮ್ಯುಲೇಟರ್ ಹಾಕಿಕೊಳ್ಳಲಿ?

ಯಾವುದನ್ನೂ ಹಾಕಬೇಡಿ. ಇದೇ ತೊಂದರೆಗೆ ನಾನು ಮೂರು ಎಮ್ಯುಲೇಟರ್ ಬದಲಿಸಿದ್ದೆ. ತಪ್ಪು ಇದ್ದದ್ದು ಬ್ಯಾಶ್ ಶೆಲ್ ಶುರುವಾಗುವಾಗ ಓದುವ ನನ್ನ ಬ್ಯಾಶ್‌ಆರ್‌ಸಿ ಫೈಲಿನ ಒಂದೇ ಸಾಲಿನಲ್ಲಿ. ಟರ್ಮಿನಲ್‌ನ ಹೆಸರು ಹೊತ್ತ ಟರ್ಮ್ (TERM) ವೇರಿಯಬಲ್‌ಗೆ ಎಕ್ಸ್‌ಟರ್ಮ್-256ಕಲರ್ ಎಂದು ಎಕ್ಸ್‌ಪೋರ್ಟ್ ಮಾಡಿಟ್ಟಿದ್ದೆ.

ಆ ಸಾಲು ಯಾಕೆ ಕೆಡುಕು? ತಾನು ಯಾರೆಂದು ಹೇಳುವುದು ಎಮ್ಯುಲೇಟರ್‌ನ ಕೆಲಸ. ಪ್ರೋಗ್ರಾಂಗಳು ಆ ಹೆಸರು ಹಿಡಿದು ಟರ್ಮ್‌ಇನ್ಫೋ ಎಂಬ ಟರ್ಮಿನಲ್ ವಿವರಣೆಗಳ ಸಂಗ್ರಹದಲ್ಲಿ ಹುಡುಕಿ, ಯಾವ ಕೀ ಯಾವ ಸಂಕೇತ ಕಳಿಸುತ್ತದೆಂದು ತಿಳಿದುಕೊಳ್ಳುತ್ತವೆ. ಟಿಮಕ್ಸ್ ಒಳಗೆ ಹೋದ ಮೇಲೆ ನಿಮ್ಮ ಟರ್ಮಿನಲ್ ಟಿಮಕ್ಸೇ. ಅದು ಸರಿಯಾದ ಹೆಸರನ್ನೇ ಇಟ್ಟು ಶೆಲ್ ಶುರು ಮಾಡುತ್ತದೆ, ಆಮೇಲೆ ಬ್ಯಾಶ್‌ಆರ್‌ಸಿ ಬಂದು ಅದನ್ನು ಅಳಿಸಿ ಸುಳ್ಳು ಹೆಸರು ಬರೆಯುತ್ತದೆ. ಟಿಮಕ್ಸ್ ಹೋಮ್ ಕೀಗೆ ಕಳಿಸುವುದು ಎಸ್ಕೇಪ್, ಚೌಕ ಆವರಣ, 1, ಟಿಲ್ಡೆ. ಎಕ್ಸ್‌ಟರ್ಮ್ ವಿವರಣೆ ನಂಬಿದ ಪ್ರೋಗ್ರಾಂ ಕಾಯುವುದು ಎಸ್ಕೇಪ್, ಓ, ಎಚ್. ಎರಡೂ ಹೊಂದುವುದಿಲ್ಲ. ಬ್ಯಾಶ್‌ನಲ್ಲಿ ಮಾತ್ರ ಹೋಮ್ ಸರಿಯಿರಬಹುದು, ಯಾಕೆಂದರೆ ಅನೇಕ ಡಿಸ್ಟ್ರೋಗಳ ಇನ್‌ಪುಟ್‌ಆರ್‌ಸಿ ಎಂಬ ಕೀ ಸೆಟ್ಟಿಂಗ್ ಫೈಲಿನಲ್ಲಿ ಎರಡೂ ಸಂಕೇತ ಬರೆದಿರುತ್ತಾರೆ. ನನ್ನ ದಾರಿ ತಪ್ಪಿಸಿದ್ದೂ ಅದೇ.

ಟಿಮಕ್ಸ್ ಹೊರಗೊಮ್ಮೆ ಒಳಗೊಮ್ಮೆ ಟರ್ಮ್ ಬೆಲೆಯನ್ನು ಎಕೋ ಮಾಡಿ. ಒಳಗೆ ಸ್ಕ್ರೀನ್ ಅಥವಾ ಟಿಮಕ್ಸ್ ಎಂದು ಶುರುವಾಗುವ ಹೆಸರೇ ಬರಬೇಕು. ಬಾರದಿದ್ದರೆ ಬ್ಯಾಶ್‌ಆರ್‌ಸಿ, ಪ್ರೊಫೈಲ್, ಝಡ್‌ಎಸ್‌ಎಚ್‌ಆರ್‌ಸಿಗಳಲ್ಲಿ ಆ ಸಾಲಿಗಾಗಿ ಗ್ರೆಪ್ ಹಾಕಿ ಹುಡುಕಿ. ಸಾಲು ಸಿಕ್ಕರೆ ತಿದ್ದಬೇಡಿ, ಕಿತ್ತುಹಾಕಿ. ಗ್ನೋಮ್ ಟರ್ಮಿನಲ್ ಬರೀ ಎಕ್ಸ್‌ಟರ್ಮ್ ಎಂದು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ 256 ಬಣ್ಣಕ್ಕಾಗಿ ಅದು ಬೇಕಿತ್ತು, ಈಗ ಬೇಕಿಲ್ಲ.

ಸಾಲು ಸಿಗದಿದ್ದರೆ ಟಿಮಕ್ಸ್ ಕಾನ್ಫಿಗ್‌ನ ಡೀಫಾಲ್ಟ್-ಟರ್ಮಿನಲ್ ನೋಡಿ. ಅಲ್ಲಿ ಟಿಮಕ್ಸ್-256ಕಲರ್ ಇರಲಿ. ತಿದ್ದಿದ ಮೇಲೆ ಕಾನ್ಫಿಗ್ ಮತ್ತೆ ಓದಿಸಿದರಷ್ಟೇ ಸಾಲದು, ಹೊಸ ವಿಂಡೋ ತೆರೆಯಿರಿ. ತೆರೆದಿರುವ ಶೆಲ್‌ಗಳು ಹಳೆ ಹೆಸರನ್ನೇ ಹಿಡಿದುಕೊಂಡಿರುತ್ತವೆ. ತಿದ್ದಿದ್ದು ಫಲಿಸಲಿಲ್ಲವೆಂದು ಜನ ಕೈಬಿಡುವುದು ಇಲ್ಲೇ.

ಎಸ್‌ಎಸ್‌ಎಚ್‌ನಲ್ಲಿ ಹೋದ ಸರ್ವರ್ ಈ ಹೆಸರು ಗೊತ್ತಿಲ್ಲವೆಂದರೆ, ಇತ್ತ ಟರ್ಮ್‌ಇನ್ಫೋ ವಿವರಣೆ ತೋರಿಸುವ ಇನ್ಫೋಕಂಪ್ ಕೊಟ್ಟ ಔಟ್‌ಪುಟ್ಟನ್ನು ಪೈಪ್ ಮಾಡಿ ಅತ್ತ ಅದನ್ನು ಸೇರಿಸಿಕೊಳ್ಳುವ ಟಿಕ್ ಕಮಾಂಡಿಗೆ ಕೊಡಿ, ಎರಡಕ್ಕೂ ಮೈನಸ್ ಎಕ್ಸ್ ಹಾಕಿ. ರೂಟ್ ಬೇಕಾಗಿಲ್ಲ, ನಿಮ್ಮ ಹೋಮ್ ಡೈರೆಕ್ಟರಿಯಲ್ಲೇ ಕೂರುತ್ತದೆ.